ಪ್ರಸಾದದ ಸಾಲಿಗೆ ಚೌರಮ್ಮನ ಕಾವಲು

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ಚಿಲುಮೆದೊಡ್ಡಿಯ ದಯಾಮಾತೆ ದೇವಾಲಯದೊಳಗೆ, ಬಲಿಪೀಠದ ಮೆಟ್ಟಿಲ ಕೆಳಗೆ ಹಾಸಿದ ಕೆಂಪು ಜಮಖಾನದ ಮೇಲೆ ಚೌರಮ್ಮ ಮಂಡಿಯೂರಿ ಕೂತಿದ್ದಾರೆ. ಎಡಗೈಯಲ್ಲಿ ಸಣ್ಣ ಟಾರ್ಚು. ಬಲಗೈಯನ್ನು ಜಮಖಾನದ ಮೇಲೆ ಮೆಲ್ಲಗೆ ಆಡಿಸುತ್ತಾ ಗೇಣು ಗೇಣಾಗಿ ಮುಂದೆ ಸರಿಯುತ್ತಾರೆ. ಹಿಂದಿನ ದಿನ ಜನ ಸಾಲಾಗಿ ಬಂದು ಪರಮಪ್ರಸಾದ ಸ್ವೀಕರಿಸಿದ್ದು ಇಲ್ಲೇ. ಗೋಧಿ ಹಿಟ್ಟಿನ ಆ ತೆಳುವಾದ ಬಿಳಿ ಬಿಲ್ಲೆಯಿಂದ ಒಂದು ಚೂರು ಉದುರಿದ್ದರೂ ಅದು ಪೊರಕೆಗೆ ಸಿಗಬಾರದು, ಕಾಲಿಗಂತೂ ಸಿಗಲೇಬಾರದು. ಪೂಜೆಯಲ್ಲಿ ಗುರುಗಳು ಅರ್ಪಿಸಿದ ಮೇಲೆ ಅದು ಬಿಲ್ಲೆಯಲ್ಲ, ಸಾಕ್ಷಾತ್ ಯೇಸುಸ್ವಾಮಿ ಎಂಬುದು ಕ್ಯಾಥೊಲಿಕರ ನಂಬಿಕೆ.

ಪೀಠದ ಮೇಲೆ, ಸೂರ್ಯನ ಕಿರಣಗಳ ಆಕಾರದ ಪಾತ್ರೆಯ ನಡುವಿನ ಗಾಜಿನೊಳಗೆ ಅಂಥದೇ ಒಂದು ದೊಡ್ಡ ಬಿಲ್ಲೆ ಇದೆ. ಅದರ ಮುಂದೆ ಮೂರು ದಿನ ಮೌನವಾಗಿ ಕೂರುವುದೇ ಇಲ್ಲಿನ ಧ್ಯಾನಕೂಟದ ಮುಖ್ಯ ಭಾಗ. ಆರಾಧನೆಗೆಂದು ಹೊರಗಿಟ್ಟಿರುವಷ್ಟು ಹೊತ್ತೂ ಅದರೆದುರು ಯಾರಾದರೂ ಇರಲೇಬೇಕು. ಜನ ಸರದಿಯ ಮೇಲೆ ಕೂರುತ್ತಾರೆ. ಈಗಿನ ಸರದಿಯ ಇಬ್ಬರು ಹೆಂಗಸರಲ್ಲಿ ಒಬ್ಬರ ತಲೆ ಪಕ್ಕಕ್ಕೆ ವಾಲಿದೆ. ಚೌರಮ್ಮ ಹತ್ತಿರ ಹೋಗಿ ಟಾರ್ಚಿನ ಹಿಂಬದಿಯಿಂದ ಭುಜ ತಿವಿಯುತ್ತಾರೆ.

"ಏನವ್ವಾ, ಕಣ್ಮುಚ್ಕಂಡಿದ್ದೀಯ?"

"ಜಪ ಮಾಡ್ತಿದ್ದೆ ಚೌರಕ್ಕ."

"ಜಪಕ್ಕೆ ಗೊರಕೆ ಯಾಕೆ ಬತ್ತದೆ? ಎದ್ದು ಮಕ ತೊಳ್ಕಂಡ್ ಬಾ. ನೀ ಬರಗಂಟ ನಾನ್ ಕೂತಿರ್ತೀನಿ."

ಆಕೆ ಎದ್ದು ಹೋಗುವುದನ್ನು ಬಾಗಿಲವರೆಗೂ ಕಣ್ಣಲ್ಲೇ ಹಿಂಬಾಲಿಸಿ, ಚೌರಮ್ಮ ಖಾಲಿ ಜಾಗದಲ್ಲಿ ಕೂರುತ್ತಾರೆ. ಇಂದು ಭಾನುವಾರ, ಧ್ಯಾನಕೂಟದ ಕೊನೆಯ ದಿನ. ಮಧ್ಯಾಹ್ನದ ದೊಡ್ಡ ಪೂಜೆಯಲ್ಲಿ ಅವರು ತಮ್ಮ ಮಾಮೂಲಿ ಜಾಗದಲ್ಲಿ, ಪ್ರಸಾದ ಕೊಡುವ ಗುರುಗಳ ಪಕ್ಕದಲ್ಲಿ ನಿಲ್ಲಬೇಕು. ಅದೇ ಜಾಗ ಇವತ್ತಿನ ನಂತರ ಅವರಿಗೆ ಉಳಿಯುತ್ತದೋ ಇಲ್ಲವೋ ಎಂಬುದು ಊರಿಗೆಲ್ಲ ಗೊತ್ತಿರುವ ಅನುಮಾನ.

ಚಿಲುಮೆದೊಡ್ಡಿ ಇರುವುದು ಕನಕಪುರದಿಂದ ಸಾತನೂರಿನ ಕಡೆ ಹೋಗುವ ರಸ್ತೆಯಿಂದ ಒಳಕ್ಕೆ. ಹಲವು ತಲೆಮಾರುಗಳಿಂದ ಇಲ್ಲೇ ರಾಗಿ ಬೆಳೆದು, ರೇಷ್ಮೆ ಹುಳು ಸಾಕಿಕೊಂಡು ಬಂದ ಕನ್ನಡ ಕ್ಯಾಥೊಲಿಕ್ ಕುಟುಂಬಗಳು. ಚೌರಮ್ಮ ಮರಳವಾಡಿ ಕಡೆಯಿಂದ ಸೊಸೆಯಾಗಿ ಬಂದವರು. ಈಗ ಅರವತ್ತರ ಹತ್ತಿರ. ಗಂಡ ಕಲ್ಲುಗಣಿಯಲ್ಲಿ ಕೆಲಸ ಮಾಡಿ ಶ್ವಾಸಕೋಶ ಕೆಡಿಸಿಕೊಂಡು ತೀರಿಕೊಂಡು ಹತ್ತು ವರ್ಷ ದಾಟಿದೆ. ಮನೆಯಲ್ಲಿ ಎರಡು ಹಸುಗಳಿವೆ. ಬೆಳಿಗ್ಗೆ ಸಂಜೆ ಡೇರಿಗೆ ಹಾಲು ಹಾಕುತ್ತಾರೆ. ನಡುವಿನ ಹೊತ್ತಿನಲ್ಲಿ ಬೇರೆಯವರ ತೋಟದಲ್ಲಿ ಹಿಪ್ಪುನೇರಳೆ ಸೊಪ್ಪು ಕೊಯ್ಯುವ ಕೂಲಿ. ಬಲಮಂಡಿ ನೋವು ಹಳೆಯದು. ದೇವಾಲಯದ ಕಸ ಗುಡಿಸುವುದು, ಪೀಠದ ಬಟ್ಟೆ ಒಗೆಯುವುದು, ಪೂಜೆಯ ಹೊತ್ತಿಗೆ ಪಕ್ಕದಲ್ಲಿ ನಿಲ್ಲುವುದು, ಇವಕ್ಕೆ ಸಂಬಳವಿಲ್ಲ, ಹುದ್ದೆಯ ಹೆಸರೂ ಇಲ್ಲ.

ಅವರ ಬಗ್ಗೆ ಮೊದಲು ಕೇಳಿಬಂದದ್ದು ಹೊಗಳಿಕೆಯಲ್ಲ, ದೂರು. ಪ್ರಸಾದ ತೆಗೆದುಕೊಂಡವರ ಬಾಯಿ ತೆಗೆಸಿ ನೋಡುವ ಹೆಂಗಸೊಬ್ಬಳು ಇಲ್ಲಿದ್ದಾಳೆ, ಹೋದ ವರ್ಷ ಬೆಂಗಳೂರಿನ ಭಕ್ತೆಯೊಬ್ಬರನ್ನು ಎಲ್ಲರೆದುರು ಅವಮಾನಿಸಿದಳು ಎಂದು. ವಿಚಾರಿಸಿದರೆ ದೂರಿನ ಮುಖ್ಯ ಭಾಗ ನಿಜ. ಆ ಭಕ್ತೆಯ ಮಣಿಕಟ್ಟು ಹಿಡಿದು ಚೌರಮ್ಮ "ನುಂಗಿಲ್ಲ, ಬಾಯ್ ತೆಗೀರಿ" ಎಂದಿದ್ದಾರೆ. ಆಕೆ ಬಾಯಿ ತೆರೆದಾಗ ಒಳಗೆ ಏನೂ ಇರಲಿಲ್ಲ. ಕೈಯಲ್ಲೂ ಇರಲಿಲ್ಲ. ಆಕೆ ಅಳುತ್ತಾ ಕಾರು ಹತ್ತಿದರು, ಮನೆಯವರು ದೇವಾಲಯದ ಆಡಳಿತ ನೋಡುವ ಪಾಲನಾ ಸಮಿತಿಗೆ ದೂರು ಕೊಟ್ಟರು.

ಈಗಲೂ ಚೌರಮ್ಮ ಇದನ್ನು ತಪ್ಪೆಂದು ಒಪ್ಪುವುದಿಲ್ಲ. "ಆವಮ್ಮ ನುಂಗಿರ್ನಿಲ್ಲ. ಆಮೇಲೆ ನುಂಗುದ್ರೋ, ಏನ್ ಮಾಡುದ್ರೋ. ನಾನ್ ನೋಡಿದ್ದು ನಾನ್ ನೋಡಿದ್ದೇಯ," ಎನ್ನುತ್ತಾರೆ. "ಕೈ ಹಿಡಿದಿದ್ದು ಮಾತ್ರ ಜಾಸ್ತಿ ಆಯ್ತು," ಎಂದು ಸೇರಿಸುತ್ತಾರೆ.

ಕಾವಲು ಏಕೆ ಬೇಕು ಎಂಬ ಪ್ರಶ್ನೆಗೆ ಊರಿನಲ್ಲಿ ಒಂದೇ ಉತ್ತರವಿಲ್ಲ. ಪ್ರಸಾದ ಪಡೆದವರು ಗುರುಗಳ ಎದುರೇ ಅದನ್ನು ಸೇವಿಸಬೇಕು, ಕೈಯಲ್ಲಿ ಹಿಡಿದು ಹೊರಡುವಂತಿಲ್ಲ. ಇದು ನಿಯಮ. ಸಮಿತಿಯ ಕಾರ್ಯದರ್ಶಿ ಇನ್ನಾಸಪ್ಪ ಇದಕ್ಕಿಂತ ಮುಂದೆ ಹೋಗುತ್ತಾರೆ. ಟ್ರ್ಯಾಕ್ಟರ್ ಬಾಡಿಗೆಗೆ ಓಡಿಸುವ ಅವರು ಎಲ್ಲದಕ್ಕೂ ಪುರಾವೆ ಕೇಳುವ ಮನುಷ್ಯ. ಆದರೆ ಈ ವಿಷಯದಲ್ಲಿ, "ಮಾಟಮಂತ್ರ ಮಾಡೋರು ತಕ್ಕೊಂಡೋಯ್ತರೆ ಸಾರ್, ಎಲ್ಲಾ ಕಡೆ ನಡೀತಾ ಐತೆ," ಎನ್ನುತ್ತಾರೆ. ಎಲ್ಲಿ, ಯಾರು, ಯಾವಾಗ ಎಂದು ಕೇಳಿದರೆ, "ಹಂಗಂತ ಹೇಳ್ತಾರೆ," ಎಂದು ನಿಲ್ಲಿಸುತ್ತಾರೆ. ಧರ್ಮಕೇಂದ್ರದ ಗುರು ಫಾದರ್ ದಯಾನಾಥ್ ಅವರ ಪ್ರಕಾರ, ಅವರು ಇಲ್ಲಿಗೆ ಬಂದ ಮೇಲೆ ಅಂಥ ಒಂದು ಪ್ರಕರಣವೂ ಸಾಬೀತಾಗಿಲ್ಲ.

ಚೌರಮ್ಮನಿಗೆ ಈ ಕೆಲಸ ಬಂದದ್ದು ಪೊರಕೆಯಿಂದ. ಫಾದರ್ ದಯಾನಾಥ್‌ಗಿಂತ ಬಹಳ ಹಿಂದೆ ಇದ್ದ ಒಬ್ಬ ವಯಸ್ಸಾದ ಗುರುಗಳ ಕಾಲ. ಹಬ್ಬದ ಮರುದಿನ ಕಸ ಗುಡಿಸುವಾಗ ಬೆಂಚಿನ ಕೆಳಗೆ, ಧೂಳಿನ ನಡುವೆ, ಅರ್ಧ ಮುರಿದ ಬಿಲ್ಲೆ ಕಂಡಿತು.

"ಕೈಲಿ ಮುಟ್ಟಕ್ಕೆ ಭಯ. ಬುಟ್ಟು ಹೋಗಕ್ಕೂ ಭಯ, ಯಾರಾರ ತುಳುದ್ಬುಟ್ರೆ? ಪೊರಕೆ ಹಿಡ್ಕಂಡು ನಿಂತೇಬುಟ್ಟೆ. ಸ್ವಾಮ್ಯೋರು ಕನಕಪುರದಿಂದ ಬರಗಂಟ ಅಲ್ಲಾಡ್ನಿಲ್ಲ. ಬಂದ್ರು, ನೋಡುದ್ರು, ನೆಲದ್ ಮೇಲೆ ಕೂತ್ಕಂಡು ಮಗಾ ಥರ ಅತ್ತುಬುಟ್ರು. ಆಮೇಲೆ ಗಂಡಸ್ರನ್ನೆಲ್ಲಾ ಕರುದು, ನನ್ ಪಕ್ಕ ಯಾರ್ ನಿಂತ್ಕತೀರಿ ಅಂದ್ರು. ಯಾರೂ ಉಸುರ್ ಬುಡ್ನಿಲ್ಲ. ಪಕ್ಕದ್ಮನೆಯೋನ್ ಬಾಯ್ ನೋಡಿ ನಾಳೆ ಅವನ್ ಜತೆ ಜಗಳ ಯಾರ್ ಆಡ್ತಾರೆ? ನಂಗ್ ಹೇಳುದ್ರು. ನಿಂತ್ಕಂಡೆ."

ಅಂದಿನಿಂದ ನಿಂತಿದ್ದಾರೆ. ಗುರುಗಳು ಬದಲಾಗಿದ್ದಾರೆ, ಅವರು ಬದಲಾಗಿಲ್ಲ. ಅವರ ಕಣ್ಣು ಮೊದಲು ಹೋಗುವುದು ಮುಖಕ್ಕಲ್ಲ, ಕೈಗೆ. ಕ್ಯಾಥೊಲಿಕರು ಬಲ ಅಂಗೈಯ ಮೇಲೆ ಎಡ ಅಂಗೈ ಇಟ್ಟು ಬರುತ್ತಾರೆ, ಇಲ್ಲವೇ ನಾಲಿಗೆ ಚಾಚುತ್ತಾರೆ. ತೀರ್ಥಕ್ಕೆ ಒಡ್ಡಿದಂತೆ ಬೊಗಸೆ ಮಾಡಿ, ಕೆಳಗೆ ಸೆರಗು ಹಿಡಿದು ಬಂದವರನ್ನು ಅವರು ದೂರದಿಂದಲೇ ಗುರುತಿಸುತ್ತಾರೆ. ಅಂಥವರ ಕೈಯನ್ನು ಮೆಲ್ಲಗೆ ಕೆಳಗಿಳಿಸಿ "ಆಶೀರ್ವಾದ ತಕ್ಕಳವ್ವ" ಎಂದರೆ, ಫಾದರ್ ಹಣೆಗೆ ಶಿಲುಬೆಯ ಗುರುತು ಹಾಕಿ ಕಳಿಸುತ್ತಾರೆ. ಮಿಕ್ಕವರು ನುಂಗಿದರೇ ಎಂದು ಚೌರಮ್ಮ ಅವರ ಗಂಟಲು ನೋಡುತ್ತಾರೆ.

ಇದರಿಂದ ಅವರಿಗೆ ಸ್ನೇಹಿತರು ಹೆಚ್ಚಲಿಲ್ಲ. ಊರಲ್ಲಿ ಅವರ ಹೆಸರು ಪೊಲೀಸ್ ಚೌರಮ್ಮ. ಡೇರಿಯ ಮುಂದೆ ಹಾಲಿನ ಕ್ಯಾನು ಇಳಿಸುವವರು ಕೂಗುತ್ತಾರೆ: "ಚೌರಕ್ಕಾ, ಈಗ್ತಾನೆ ಟೀ ಕುಡ್ದೆ ಕಣಕ್ಕಾ, ಬಾಯ್ ತೆಗೀಲಾ?" ಅವರು ತಿರುಗಿ, "ತೆಗೀಬೇಡಪ್ಪ, ನಿನ್ನೆದು ವಾಸ್ನೆ ಬತ್ತದೆ," ಎಂದು ತಮ್ಮ ಕ್ಯಾನು ಎತ್ತಿಕೊಂಡು ಹೋಗುತ್ತಾರೆ.

ಶಾಮಿಯಾನ ಮತ್ತು ಮೈಕ್ ಸೆಟ್ಟಿನ ಬಾಬಾಜಾನ್ ಪ್ರತಿ ವರ್ಷ ಚನ್ನಪಟ್ಟಣದಿಂದ ಬರುತ್ತಾರೆ. ಮೊದಲ ವರ್ಷವೇ ಅವರಿಗೂ ಈ ತಪಾಸಣೆ ಆಗಿದೆ. "ಪೀಠದ ಹತ್ರ ವೈರ್ ಎಳೀತಾ ಇದ್ದೆ ಸಾಬ್. ಅಮ್ಮ ಬಂದು, ಏನ್ ಅಗೀತಿದ್ದೀಯಪ್ಪ ಅಂದ್ರು. ಎಲೆ ಅಡಿಕೆ ಅಮ್ಮಾ ಅಂದೆ. ತೋರ್ಸು ಅಂದ್ರು! ನಾನು ಸಾಬ್ರು ಅಮ್ಮಾ ಅಂದೆ. ಸಾಬ್ರಾದ್ರೆ ಬಾಯಿ ಇಲ್ವಾ ಅಂದ್ರು. ತೋರಿಸ್ದೆ, ಏನ್ ಮಾಡ್ಲಿ? ಈಗ ಈ ಊರಿಗೆ ಬರೋವಾಗ ಎಲೆ ಹಾಕೋದೇ ಇಲ್ಲ."

ಈ ಸಲ ಧ್ಯಾನಕೂಟವನ್ನೇ ಅನುಮಾನದ ಕಣ್ಣುಗಳು ಸುತ್ತುವರಿದಿವೆ. ಇಲ್ಲಿ ಮತಾಂತರ ನಡೆಯುತ್ತದೆ ಎಂದು ಸುತ್ತಲಿನ ಊರುಗಳ ಕೆಲವರು ಅರ್ಜಿ ಕೊಟ್ಟಿದ್ದಾರೆ. ಅನುಮತಿ ಸಿಕ್ಕಿದೆ, ಷರತ್ತಿನ ಮೇಲೆ. ಮೈಕಿನ ಸದ್ದು ಕಾಂಪೌಂಡು ದಾಟಬಾರದು. ಗೇಟಿನ ಬಳಿ ಪೊಲೀಸ್ ಪೇದೆಯೊಬ್ಬರು ಕುರ್ಚಿ ಹಾಕಿಕೊಂಡು ಕೂತಿದ್ದಾರೆ. ಆಚೆ ಬದಿಯ ಅಂಗಡಿ ಕಟ್ಟೆಯ ಮೇಲೆ ನಾಲ್ಕೈದು ಜನ ಫೋನು ಹಿಡಿದು ಬಂದವರ ಮುಖಗಳನ್ನು ನೋಡುತ್ತಿದ್ದಾರೆ. ಒಳಗೆ ಬರುವವರಲ್ಲಿ ಯಾರು ನಮ್ಮವರು ಎಂದು ಇವರೂ, ಯಾರು ನಮ್ಮವರು ಎಂದು ಅವರೂ ಅಳೆಯುತ್ತಿದ್ದಾರೆ.

ಸಮಿತಿಯ ಷರತ್ತು ಚೌರಮ್ಮನಿಗೆ ಬೇರೆ ಇದೆ. ಈ ಸಲ ಯಾರನ್ನೂ ಮುಟ್ಟಿ ತಡೆಯುವಂತಿಲ್ಲ. ಅನುಮಾನ ಬಂದರೆ ಕೈ ಎತ್ತಬೇಕು. ಕೊರಳಿಗೆ ಗುರುತಿನ ಚೀಟಿ ಹಾಕಿಕೊಂಡ ಸ್ವಯಂಸೇವಕರು ಬಂದು ಆ ವ್ಯಕ್ತಿಯನ್ನು ಪಕ್ಕಕ್ಕೆ ಕರೆದೊಯ್ಯುತ್ತಾರೆ. ಇನ್ನೊಂದು ಎಡವಟ್ಟಾದರೆ ಆ ಜಾಗದಲ್ಲಿ ಕ್ಯಾಮೆರಾ ಬರುತ್ತದೆ, ಚೌರಮ್ಮ ಪೊರಕೆಗೆ ಮರಳುತ್ತಾರೆ. "ಅಕ್ಕನ್ ಮೇಲೆ ನಂಗೆ ದ್ವೇಷ ಇಲ್ಲ. ಆದ್ರೆ ಒಬ್ರ ಕಣ್ಣಿನ್ ಮೇಲೆ ಇಡೀ ಊರು ನಿಂತ್ಕಳಕ್ಕಾಗಲ್ಲ," ಎನ್ನುತ್ತಾರೆ ಇನ್ನಾಸಪ್ಪ. ಅದರಲ್ಲಿ ತರ್ಕವಿದೆ.

ಮಧ್ಯಾಹ್ನದ ಪೂಜೆ ಹೊರಗೆ, ಶಾಮಿಯಾನದಡಿ ನಡೆಯುತ್ತದೆ. ಕನಕಪುರ, ರಾಮನಗರ, ಮಾಗಡಿ ಕಡೆಯಿಂದ ಬಂದ ಜನ ನಾನೂರಕ್ಕೂ ಹೆಚ್ಚು. ಪ್ರಸಾದ ಯಾರು ಸ್ವೀಕರಿಸಬಹುದು, ಹೇಗೆ ಸ್ವೀಕರಿಸಬೇಕು ಎಂದು ಮೈಕಿನಲ್ಲಿ ಹೇಳುತ್ತಾರೆ. ಬಾಬಾಜಾನ್ ಷರತ್ತಿಗೆ ಹೆದರಿ ಸದ್ದು ತಗ್ಗಿಸಿರುವುದರಿಂದ ಹಿಂದಿನ ಸಾಲುಗಳಿಗೆ ಅದು ಗೊಣಗಿದಷ್ಟೇ ಕೇಳುತ್ತದೆ. ಎರಡು ಸಾಲುಗಳು ಹೊರಡುತ್ತವೆ. ಒಂದರ ಪಕ್ಕ ಸ್ವಯಂಸೇವಕರು. ಫಾದರ್ ದಯಾನಾಥ್ ಕೊಡುವ ಸಾಲಿನ ಪಕ್ಕ ಚೌರಮ್ಮ, ಮತ್ತು ನಾಲ್ಕು ಹೆಜ್ಜೆ ಹಿಂದೆ ಚೌರಮ್ಮನನ್ನೇ ನೋಡುತ್ತಾ ಇನ್ನಾಸಪ್ಪ.

ಸಾಲು ಅರ್ಧ ಮುಗಿದಾಗ ಚೌರಮ್ಮನ ಕುತ್ತಿಗೆ ಎಡಕ್ಕೆ ತಿರುಗುತ್ತದೆ. ಒಂದು ಹಸಿರು ಸೀರೆಯ ಬೆನ್ನು ಜನರ ನಡುವೆ ಸರಿದುಹೋಗುತ್ತಿದೆ. ಕೈ ಎತ್ತುತ್ತಾರೇನೋ ಎಂಬಂತೆ ಅವರ ಭುಜ ಅಲುಗುತ್ತದೆ. ಎತ್ತುವುದಿಲ್ಲ. ಮುಂದಿನವರ ಅಂಗೈಗೆ ಕಣ್ಣು ಮರಳುತ್ತದೆ. ಅವರ ಭುಜ ಅಲುಗಿದ್ದನ್ನಷ್ಟೇ ಇನ್ನಾಸಪ್ಪ ಗಮನಿಸುತ್ತಾರೆ.

ಆಮೇಲೆ ನಡೆದದ್ದನ್ನು ಚೌರಮ್ಮ ಮತ್ತು ಆ ಹಸಿರು ಸೀರೆಯ ಹೆಂಗಸು ಕೆಲವು ವಾರಗಳ ನಂತರ ಬೇರೆ ಬೇರೆಯಾಗಿ ಹೇಳಿದರು. ಎರಡೂ ಹೊಂದುತ್ತವೆ. ಆ ಹೆಂಗಸಿನ ಹೆಸರು, ಊರು ಬರೆಯಬಾರದೆಂದು ಇಬ್ಬರೂ ಕೇಳಿಕೊಂಡಿದ್ದಾರೆ. ಆಕೆ ಕ್ಯಾಥೊಲಿಕ್ ಅಲ್ಲ, ಬೇಸಾಯದ ಮನೆಯವರು ಎಂದಷ್ಟೇ ಹೇಳಬಹುದು.

ಆಕೆ ಮುಂದಿನವರನ್ನು ನೋಡಿಕೊಂಡು ಅವರಂತೆಯೇ ಎಡಗೈ ಮೇಲೆ ಮಾಡಿ ಒಡ್ಡಿದ್ದರು, "ಆಮೆನ್" ಎಂದೂ ಹೇಳಿದ್ದರು. ಬಾಯಿಯ ಬಳಿ ಕೈ ಒಯ್ದು, ಸೆರಗು ಅಡ್ಡ ಹಿಡಿದು, ಬಿಲ್ಲೆಯನ್ನು ಸೆರಗಿನ ತುದಿಗೆ ಜಾರಿಸಿದ್ದರು. "ಬಾಯಿಗ್ ಹಾಕ್ಕಂಡೋರು ಯಾಕ್ ಸೆರಗು ಹಿಡೀತಾರೆ?" ಎಂಬುದು ಚೌರಮ್ಮನ ಅನುಮಾನದ ಮೂಲ. ಕೈ ಎತ್ತಲಿಲ್ಲ ಏಕೆ? "ಎತ್ತುದ್ರೆ ಹುಡುಗ್ರು ಓಡ್ಬತ್ತಾರೆ. ಅವಳು ಕಿರುಚ್ತಾಳೆ. ಆಚೆ ಕಟ್ಟೆ ಮೇಲ್ ಕೂತಿರೋರು ಫೋನ್ ಹಿಡ್ಕಂಡು ಒಳಿಕ್ ಬತ್ತಾರೆ. ಅವಳ್ದೂ ಮಾನ ಹೋಯ್ತದೆ, ನಮ್ದೂ ಹೋಯ್ತದೆ. ಸ್ವಾಮಿ ಅವಳ ಸೆರಗ್ನಲ್ಲಿ ಇದ್ದ. ಊಟಕ್ಕಂತೂ ಕೂತ್ಕತಾಳೆ ಅಂದ್ಕಂಡೆ."

ಕೂತಿದ್ದರು. ಅನ್ನ, ಬೇಳೆ ಸಾರು, ಮಜ್ಜಿಗೆ. ಪಂಕ್ತಿಯ ತುದಿಯಲ್ಲಿ ಹಸಿರು ಸೀರೆ. ಚೌರಮ್ಮ ಪಕ್ಕದಲ್ಲಿ ಎಲೆ ಹಾಕಿಸಿಕೊಂಡು ಎರಡು ತುತ್ತು ತಿಂದು ಮಾತಿಗೆ ಎಳೆದರು.

"ಸೆರಗಿನ್ ತುದೀಲಿ ಏನವ್ವಾ ಗಂಟು?"

"ಬಸ್ ಚಾರ್ಜು."

"ಹೆಂಗಸ್ರಿಗೆ ಬಸ್ಸು ಫ್ರೀ ಅಲ್ವೇನವ್ವಾ?"

ಆಕೆಯ ಕೈ ತುತ್ತಿನ ಮೇಲೆ ನಿಂತಿತು. "ಆಟೋಗೆ," ಎಂದರು.

"ನಾನ್ ಅಲ್ಲೇ ಪಕ್ದಲ್ಲಿ ನಿಂತಿದ್ದೆ ಕಣವ್ವ. ಸುಳ್ ಹೇಳ್ಬೇಡ. ಜೋರಾಗೂ ಮಾತಾಡ್ಬೇಡ. ಅನ್ನ ಕಲುಸ್ತಾ ಇರು."

ಆಕೆ ಅನ್ನ ಕಲೆಸುತ್ತಲೇ ಹೇಳಿದರು. ಸೊಸೆಗೆ ಐದು ತಿಂಗಳು. ಹಿಂದೆ ಎರಡು ಸಲ ಹೋಗಿದೆ. ಈ ಸಲ ಡಾಕ್ಟರು ಮಂಚ ಬಿಟ್ಟು ಇಳಿಯಬೇಡ ಎಂದಿದ್ದಾರೆ. "ಅವಳೇ ಬರ್ಬೇಕಾಗಿತ್ತು. ಬರಕ್ಕಾಗ್ನಿಲ್ಲ. ಬರ್ದೆ ಇದ್ದೋರ್ಗೆ ಒಸಿ ತಕ್ಕೊಂಡೋಗದು ತಪ್ಪಾ? ಎಲ್ಲಾ ಗುಡೀಲೂ ತಕ್ಕೊಂಡೋಗಕಿಲ್ವಾ?"

"ನಿಮ್ ಗುಡೀಲಿ ತಪ್ಪಲ್ಲ. ಇಲ್ಲಿ ತಪ್ಪು. ಮೈಕ್ನಾಗೆ ಹೇಳುದ್ರಲ್ಲ?"

"ಆ ಮೈಕು ಗೊರಗೊರ ಅಂತಿತ್ತು. ಯಾರಿಗ್ ಕೇಳುಸ್ತು?"

ಚೌರಮ್ಮನ ಬಲಗೈಗೆ ಸಾರು ಮೆತ್ತಿತ್ತು. ಬಲಗೈಯ ಆಸರೆಯಿಲ್ಲದೆ ಬರೀ ಎಡಗೈಯಲ್ಲಿ ದೇವರನ್ನು ಇಸಿದುಕೊಳ್ಳಲು ಮನಸ್ಸು ಒಪ್ಪಲಿಲ್ಲ. ಹಾಗಾಗಿ, ಆಕೆಯ ಮೇಲಿನ ಕಣ್ಣು ತೆಗೆಯದೆ, ಕುಡಿಯುವ ನೀರನ್ನು ಎಡಗೈಯಿಂದ ಸುರಿದುಕೊಂಡು ಬಲಗೈ ತೊಳೆದರು. ಸೆರಗಿನಲ್ಲೇ ಒರೆಸಿ ಅಂಗೈ ಚಾಚಿದರು. "ಬಿಚ್ಚು."

ಆಕೆ ಗಂಟು ಬಿಚ್ಚಿದರು. ಆದರೆ ಬಿಲ್ಲೆಯನ್ನು ತಕ್ಷಣ ಇಡಲಿಲ್ಲ. "ಬರಿಗೈಲಿ ಹೋದ್ರೆ ಏನಂತ ಹೇಳ್ಲಿ ಅವಳ್ಗೆ?"

"ನಾನೇ ಬತ್ತೀನಿ ಅಂತ ಹೇಳು."

ಬಿಲ್ಲೆ ಅಂಗೈಗೆ ಬಂತು. ಬೇರೆಯವರಾಗಿದ್ದರೆ ಅದನ್ನು ಅಲ್ಲೇ ಸೇವಿಸಿ ಮುಗಿಸುತ್ತಿದ್ದರೇನೋ. ಚೌರಮ್ಮನ ಬಾಯಲ್ಲಿ ಸಾರಿನ ರುಚಿಯಿತ್ತು. ಪರಮಪ್ರಸಾದಕ್ಕೆ ಮುಂಚೆ ಉಪವಾಸವಿರಬೇಕು. ಮುಷ್ಟಿ ಮುಚ್ಚಿ, ಎದೆಗೆ ಒತ್ತಿಕೊಂಡು, ಊಟದ ಎಲೆ ಬಿಟ್ಟು ಎದ್ದರು. ಮೈದಾನದ ಆಚೆ ತುದಿಯಲ್ಲಿರುವ ಗುರುಮನೆಯ ಕಡೆ ಹೊರಟರು.

ಇಲ್ಲಿಂದ ಮುಂದಿನದು ಎಲ್ಲರೂ ನೋಡಿದ್ದು. ಅರ್ಧ ದಾರಿಯಲ್ಲಿ ಇನ್ನಾಸಪ್ಪ ಅಡ್ಡ ನಿಲ್ಲುತ್ತಾರೆ.

"ಚೌರಕ್ಕಾ, ಕೈಲೇನು?"

"ಫಾದರ್‌ಗೆ ತೋರುಸ್ತೀನಿ."

"ನಂಗ್ ತೋರ್ಸಿ."

"ನಿಂದು ಊಟದ್ ಕೈ. ಸರ್ಕೊಳಪ್ಪ."

"ಹೋದೊರ್ಷ ಊರೋರ್ ಬಾಯೆಲ್ಲಾ ತೆಗುಸ್ದೋರು ನೀವು. ಇವತ್ತು ನಿಮ್ ಕೈ ತೆಗ್ಯಕ್ಕಾಗಲ್ವಾ?"

ಜನ ಸುತ್ತುಗಟ್ಟುತ್ತಾರೆ. ಸ್ವಯಂಸೇವಕರು ಎರಡು ಕಡೆಯಿಂದ ಬರುತ್ತಾರೆ. ಯಾರೋ ಫೋನು ಎತ್ತುತ್ತಾರೆ. ಬಾಬಾಜಾನ್ ಮೈಕಿನ ಪಕ್ಕದಿಂದಲೇ "ಅಮ್ಮನ್ನ ಬಿಡ್ರಿ ಸಾಬ್" ಎನ್ನುತ್ತಾರೆ, ಯಾರಿಗೂ ಕೇಳಿಸುವುದಿಲ್ಲ. ಪಂಕ್ತಿಯ ತುದಿಯಲ್ಲಿ ಹಸಿರು ಸೀರೆಯ ಹೆಂಗಸು ಎದ್ದು ನಿಂತಿದ್ದಾರೆ. ಚೌರಮ್ಮ ಅತ್ತ ಒಮ್ಮೆಯೂ ನೋಡುವುದಿಲ್ಲ. ಅವರ ನೋಟ ಎಲ್ಲಿಗೆ ಹೋದರೂ ಇನ್ನಾಸಪ್ಪನ ನೋಟ ಹಿಂದೆಯೇ ಹೋಗುತ್ತದೆ. ಅವರು ಗುರುಮನೆಯ ಬಾಗಿಲಿಗೆ ಕಣ್ಣು ನೆಟ್ಟು ಮುಷ್ಟಿ ಬಿಗಿಹಿಡಿದು ನಿಂತೇ ಇರುತ್ತಾರೆ. ಕೊನೆಗೆ ಯಾರೋ ಹೋಗಿ ಫಾದರನ್ನು ಕರೆತರುತ್ತಾರೆ.

ಫಾದರ್ ಅಂಗೈ ಒಡ್ಡಿದಾಗಲೇ ಮುಷ್ಟಿ ತೆರೆದದ್ದು. ಬಿಲ್ಲೆಯ ಅಂಚು ಸೆರಗಿನ ಅರಿಶಿನ ತಗುಲಿ ಹಳದಿಯಾಗಿದೆ, ಬೆವರಿಗೆ ಮೆತ್ತಗಾಗಿದೆ. ಗುಂಪಿನಲ್ಲಿ ಒಂದು ಉದ್ಗಾರ ಏಳುತ್ತದೆ.

"ಯಾರದು ಚೌರಮ್ಮ?" ಫಾದರ್ ಕೇಳುತ್ತಾರೆ.

"ನಿಮ್ ಕೈಯಿಂದ ಹೋದದ್ದು ನಿಮ್ ಕೈಗೇ ಬಂತು ಫಾದರ್. ನಡುವೆ ಇದ್ದೋರ್ ಹೆಸ್ರು ಯಾಕೆ?"

ಫಾದರ್ ಅದನ್ನು ಎರಡೂ ಕೈಯಲ್ಲಿ ಮುಚ್ಚಿ ಹಿಡಿದು ಒಳಗೆ ಒಯ್ಯುತ್ತಾರೆ. ಅಶುದ್ಧವಾದ ಪ್ರಸಾದವನ್ನು ನೀರಿನಲ್ಲಿಟ್ಟು, ಪೂರ್ತಿ ಕರಗಿದ ಮೇಲೆ ನೆಲಕ್ಕೆ ಸುರಿಯುವುದು ಕ್ರಮ. ಹಾಗೆಯೇ ಮಾಡುತ್ತಾರೆ.

ಮುಂದಿನ ಭಾನುವಾರ ಸಮಿತಿ ಸೇರಿತು. ಹೆಸರು ಹೇಳುವವರೆಗೆ ಚೌರಮ್ಮ ಪ್ರಸಾದದ ಸಾಲಿನ ಪಕ್ಕ ನಿಲ್ಲಬಾರದು ಎಂದು ತೀರ್ಮಾನವಾಯಿತು. ಇನ್ನಾಸಪ್ಪನ ವಾದ ನೇರವಾಗಿದೆ. "ಯಾರೋ ತಕ್ಕಂಡ್ರು ಅನ್ನೋದು ನಿಜ ಆದ್ರೆ ಹೆಸ್ರು ಹೇಳ್ಬೇಕು. ಹೇಳಲ್ಲ ಅಂದ್ರೆ, ಯಾರೋ ತಕ್ಕಂಡ್ರು ಅನ್ನೋದನ್ನೇ ನಾವ್ ಯಾಕ್ ನಂಬ್ಬೇಕು? ಪೀಠದ್ ಬಟ್ಟೆ ಒಗ್ಯೋರು ಅವ್ರು, ಒಳಿಕ್ ಹೋಗಿ ಬರೋರು ಅವ್ರು. ನಾನ್ ಕಳ್ಳಿ ಅನ್ನಲ್ಲ. ಕೇಳ್ಬೇಕಾಗಿರೋದ್ ಕೇಳ್ತಿದ್ದೀನಿ."

ಊರಿನ ಬಾಯಿ ಇಷ್ಟು ಎಚ್ಚರ ವಹಿಸಲಿಲ್ಲ. ಚೌರಮ್ಮನ ಹಸು ಬೇಸಿಗೆಯಲ್ಲೂ ಹೇಗೆ ಅಷ್ಟು ಹಾಲು ಕೊಡುತ್ತದೆ ಎಂದು ಡೇರಿಯಲ್ಲಿ ಒಬ್ಬರು ಕೇಳಿದರು. ಕೊಟ್ಟಿಗೆಯ ಸೂರಿನಲ್ಲಿ ಏನೋ ಸಿಕ್ಕಿಸಿಟ್ಟಿದ್ದಾರಂತೆ ಎಂದು ಇನ್ನೊಬ್ಬರು ಹೇಳಿದರು. ಹೋಗಿ ನೋಡಿದರೆ ಸೂರಿನಲ್ಲಿ ಇರುವುದು ಕುಡುಗೋಲು.

ಚೌರಮ್ಮ ಮಾತು ಕೊಟ್ಟಂತೆ ಆ ಹೆಂಗಸಿನ ಊರಿಗೆ ಹೋಗಿಬಂದರು, ಎರಡು ಬಸ್ಸು ಬದಲಾಯಿಸಿ, ಯಾರಿಗೂ ಹೇಳದೆ. ಕೊರಳ ಜಪಸರವನ್ನು ಬಿಚ್ಚಿ ಮನೆಯಲ್ಲೇ ಇಟ್ಟಿದ್ದರು. ಆದರೂ ಬಾಗಿಲಲ್ಲಿ ಆ ಮನೆಯ ಯಜಮಾನರು ತಡೆದರು. ಯಾವ ಚರ್ಚಿನವರು, ಪುಸ್ತಕ ಗಿಸ್ತಕ ತಂದಿದ್ದೀರಾ, ಬ್ಯಾಗು ತೋರಿಸಿ ಎಂದರು. ಬ್ಯಾಗಿನಲ್ಲಿದ್ದದ್ದು ನುಗ್ಗೆಕಾಯಿ.

ಬೇಸರವಾಗಲಿಲ್ಲವೇ?

"ಯಾಕಾಯ್ತದೆ? ನೋಡ್ಬೇಕು. ಗುರುತಿಲ್ದೋರು ಬಾಗ್ಲಿಗ್ ಬಂದ್ರೆ ನೋಡ್ದೆ ಬುಡೋನು ಎಂಥಾ ಯಜಮಾನ? ಅವನ್ ನೋಡುದ್ನಲ್ಲ, ನಂಗೆ ಖುಸಿ ಆಯ್ತು."

ಮಂಚದ ಪಕ್ಕ ಕೂತು ಆ ಹುಡುಗಿಯ ಜೊತೆ ಹಸುವಿನ ವಿಷಯ ಮಾತಾಡಿದರಂತೆ. ಹೊರಡುವಾಗ ತಲೆ ಮೇಲೆ ಕೈಯಿಟ್ಟರಂತೆ. ಪ್ರಾರ್ಥನೆ ಮಾಡಿದಿರಾ ಎಂದು ಕೇಳಿದರೆ ಚೌರಮ್ಮ ತುಸು ಬಿರುಸಾಗಿ ನೋಡುತ್ತಾರೆ. "ನೀವೂ ಅದುನ್ನೇ ಕೇಳ್ತೀರಾ? ಬಾಯ್ ಬುಡ್ನಿಲ್ಲ ನಾನು. ಮನಸ್ನಾಗಿರೋದು ಯಾರ್ ಅರ್ಜಿಗೂ ಸಿಗಕಿಲ್ಲ."

ಆ ಮನೆಗೆ ಹೋಗಿ ವಿಚಾರಿಸಿದಾಗ ಹಸಿರು ಸೀರೆಯ ಹೆಂಗಸು ಎಲ್ಲವನ್ನೂ ಒಪ್ಪಿಕೊಂಡರು. ಸೊಸೆ ಮಂಚದ ಮೇಲೆಯೇ ಇದ್ದರು, ಏಳನೇ ತಿಂಗಳಿಗೆ ಕಾಯುತ್ತಿದ್ದರು. "ಆವಮ್ಮ ನನ್ನೆಸ್ರು ಹೇಳಿರ್ತಾರೆ ಅಂತ ದಿನಾ ಭಯ. ಬಸ್ ನಿಂತ್ರೆ ಭಯ. ಹೇಳೇ ಇಲ್ವಾ?" ಎಂದು ಆಕೆ ಎರಡು ಸಲ ಕೇಳಿದರು.

ಹೇಳಿಲ್ಲ. ಈಸ್ಟರ್ ಕಳೆದ ಮೇಲಿನ ಮೊದಲ ಶುಕ್ರವಾರ ಮತ್ತೆ ಆರಾಧನೆ, ನಂತರ ಪೂಜೆ. ಚೌರಮ್ಮ ಕೊನೆಯ ಸಾಲಿನಲ್ಲಿ, ಕಂಬಕ್ಕೆ ಒರಗಿ ನಿಂತಿದ್ದಾರೆ. ಸಮಿತಿ ಹಾಕಿಸಿದ ಕ್ಯಾಮೆರಾ ಮೇಲಿನ ಮೂಲೆಯಿಂದ ನೋಡುತ್ತಿದೆ. ಪ್ರಸಾದ ಕೊಡುವ ಹೊತ್ತಿಗೆ ಫಾದರ್ ದಯಾನಾಥ್ ಪಾತ್ರೆ ಹಿಡಿದು ಮೆಟ್ಟಿಲಿಳಿದು ಬರುತ್ತಾರೆ. ಜನ ಸಾಲು ಕಟ್ಟುತ್ತಾರೆ. ಫಾದರ್ ಕೊಡಲು ಶುರು ಮಾಡುವುದಿಲ್ಲ. ಸುಮ್ಮನೆ ನಿಂತಿದ್ದಾರೆ. ಮೊದಲಿಗೆ ಯಾರಿಗೂ ಅರ್ಥವಾಗುವುದಿಲ್ಲ. ಆಮೇಲೆ ಒಬ್ಬೊಬ್ಬರಾಗಿ ಹಿಂದಕ್ಕೆ ತಿರುಗಿ ಕಂಬದ ಕಡೆ ನೋಡುತ್ತಾರೆ.

"ನಾನು ಎರಡನೇ ಸಲ ಅವರ ಹತ್ತಿರ ಹೆಸರು ಕೇಳಲಿಲ್ಲ," ಎನ್ನುತ್ತಾರೆ ಫಾದರ್. "ದಿನಾ ಪಾಪನಿವೇದನೆ ಕೇಳುವವನು ನಾನು. ಹೆಸರು ಗೊತ್ತಿದ್ದೂ ಹೇಳದೆ ಇರೋದು ಎಷ್ಟು ಕಷ್ಟ ಅಂತ ನನಗೆ ಗೊತ್ತು. ಕ್ಯಾಮೆರಾ ಸಮಿತಿಯದು, ಇರಲಿ. ನನ್ನ ಪಕ್ಕ ಯಾರು ನಿಲ್ಲಬೇಕು ಅನ್ನೋದು ಸಮಿತಿ ವಿಷಯ ಅಲ್ಲ."

ಚೌರಮ್ಮ ನೋವಿನ ಕಾಲು ಎಳೆದುಕೊಂಡು ಮುಂದೆ ಬಂದು ತಮ್ಮ ಜಾಗದಲ್ಲಿ ನಿಲ್ಲುತ್ತಾರೆ. ಸಾಲು ಹೊರಡುತ್ತದೆ.

ಇನ್ನಾಸಪ್ಪ ಅವರ ಹಿಂದೆಯೇ ಬಂದು ನಿಲ್ಲುತ್ತಾರೆ. ಅಂದಿನಿಂದ ಪ್ರತಿ ಭಾನುವಾರ ಹಾಗೆಯೇ. "ಫಾದರ್ ನಂಬವ್ರೆ, ನಾನ್ ನಂಬಿಲ್ಲ. ಅವ್ರು ಜನದ್ ಕೈ ನೋಡ್ಲಿ. ನಾನು ಅವ್ರ ಕೈ ನೋಡ್ತೀನಿ," ಎನ್ನುತ್ತಾರೆ. ಇದನ್ನು ಚೌರಮ್ಮನಿಗೆ ಹೇಳಿದರೆ, ಹಿಪ್ಪುನೇರಳೆ ಸೊಪ್ಪಿನ ಹೊರೆ ಕಟ್ಟುತ್ತಾ, "ನೋಡ್ಲಿ ಬುಡಿ, ಒಳ್ಳೇದೇಯ. ನಂಗ್ ವಯಸ್ಸಾಯ್ತು, ಅವನ್ಗೂ ಅಭ್ಯಾಸ ಆಯ್ತದೆ," ಎನ್ನುತ್ತಾರೆ.

ಆ ಸೊಸೆಗೆ ಹೆರಿಗೆ ಸುಸೂತ್ರವಾಗಿ ಆದರೆ, ಮುಂದಿನ ಧ್ಯಾನಕೂಟಕ್ಕೆ ಅತ್ತೆ ಸೊಸೆ ಇಬ್ಬರೂ ಬರಬೇಕು ಎಂಬುದೊಂದೇ ಅವರ ಆಸೆ. ಆಗ ಆ ಅತ್ತೆಯ ಮೇಲೆ ಅನುಮಾನ ಇರುವುದಿಲ್ಲವಲ್ಲ ಎಂದು ಕೇಳಿದಾಗ, ಹೊರೆ ತಲೆಗೇರಿಸಿಕೊಂಡ ಚೌರಮ್ಮ ಹೆಜ್ಜೆ ಹಾಕುತ್ತಲೇ ಹೇಳುತ್ತಾರೆ.

"ಯಾರೇಳಿದ್ದು? ಬರ್ಲಿ, ಮಗಾ ಎತ್ಕಂಡ್ ಬರ್ಲಿ, ಊಟ ಮಾಡ್ಕಂಡ್ ಹೋಗ್ಲಿ. ಸಾಲ್ನಾಗ್ ನಿಂತ್ರೆ ಮಾತ್ರ, ಎಲ್ಲಾರ್ಗಿಂತ ಮೊದ್ಲು ಅವಳ್ ಕೈನೇ ನೋಡದು ನಾನು."